ಮಲಾಡಿನ ಉಪ್ಪುಗಾಳಿಯಲ್ಲಿ ಫೈಬರ್‌ಗ್ಲಾಸ್ ಬೇಸ್ ಆಂಟೆನಾ: ದೀರ್ಘ ಬಳಕೆಯ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಹ್ಯಾಮ್ ರೇಡಿಯೋಗೆ (ಹವ್ಯಾಸಿಗಳ ರೇಡಿಯೋ ಸಂಪರ್ಕಕ್ಕೆ) ಹಾಕಿದ ಈ ಆಂಟೆನಾ ಚೆನ್ನಾಗಿದೆ. ಆದರೆ ಡಬ್ಬದಿಂದ ತೆಗೆದ ಹಾಗೇ ಮುಂಬೈಯ ಟೆರೇಸಿಗೆ ಏರಿಸುವ ವಸ್ತು ಇದಲ್ಲ. 2019ರ ಕೊನೆಗೆ ಮಲಾಡ್ ಪಶ್ಚಿಮದ ನಮ್ಮ ಬಿಲ್ಡಿಂಗ್ ಮೇಲೆ ನಿಲ್ಲಿಸಿದ್ದು. ಸುಮಾರು ಐದು ಮೀಟರ್ ಉದ್ದ, ಮೂರು ತುಂಡು, 144 ಮತ್ತು 435 ಮೆಗಾಹರ್ಟ್ಸ್ ಬ್ಯಾಂಡ್ ಎರಡಕ್ಕೂ ಆಗುವ ಕೊಲಿನಿಯರ್, ಅಂದರೆ ಒಂದರ ಮೇಲೊಂದು ಜೋಡಿಸಿದ ಆಂಟೆನಾ ಭಾಗಗಳು ಫೈಬರ್‌ಗ್ಲಾಸ್ ಕೊಳವೆಯೊಳಗೆ. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಇದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ, ಜಾತಕ ಮಾತ್ರ ಒಂದೇ.

ಕೇಳುವುದು, ಕೇಳಿಸುವುದು ಎರಡರಲ್ಲೂ ತಕರಾರಿಲ್ಲ. ಎಸ್‌ಡಬ್ಲ್ಯುಆರ್ (ಆಂಟೆನಾಗೆ ಕಳಿಸಿದ ಪವರ್ ಎಷ್ಟು ವಾಪಸು ಬರುತ್ತದೆ ಎಂದು ತೋರಿಸುವ ಅಳತೆ, 1 ಆದರೆ ಏನೂ ವಾಪಸಿಲ್ಲ) ಎರಡೂ ಬ್ಯಾಂಡಿನಲ್ಲಿ 1.5ರ ಒಳಗೇ ಇದೆ. ತೊಂದರೆಯೆಲ್ಲ ಜಾಯಿಂಟಿನದು.

ತುಂಡುಗಳು ಸೇರುವಲ್ಲಿ ಹೊರಗೆ ಲೋಹದ ತೋಳು, ಅದಕ್ಕೆ ಪುಟ್ಟ ಸ್ಕ್ರೂಗಳು. ಒಳಗೆ ತಾಮ್ರದ ತಂತಿಯ ಜೋಡಣೆ. ಗಾಳಿಗೆ ಕೊಳವೆ ಬಾಗಿ ಬಾಗಿ ಸ್ಕ್ರೂ ಸಡಿಲವಾದರೆ ಒಳಗಿನ ಜೋಡಣೆಯೂ ಅಲುಗುತ್ತದೆ. ಗಾಳಿ ಬೀಸಿದಾಗ ಖರಖರ ಸದ್ದು, ಮೀಟರಿನ ಮುಳ್ಳು ಕುಣಿಯುವುದು, ಗಾಳಿ ನಿಂತರೆ ಎಲ್ಲ ಸರಿ! ಅದಕ್ಕೇ ಕಂಪನಿಯ ಸ್ಕ್ರೂ ತೆಗೆದು 316 ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿದೆ. ಕೆಲವರು ಜಾಯಿಂಟಿನ ಮೇಲೆ ಎಪಾಕ್ಸಿ, ಗ್ಲಾಸ್ ಬಟ್ಟೆ ಸುತ್ತುತ್ತಾರೆ. ಗಟ್ಟಿಯೇನೋ ಹೌದು, ಆದರೆ ಆಮೇಲೆ ಬಿಚ್ಚಲಾಗದು. ಕಾರ್ಬನ್ ಫೈಬರ್ ಬಟ್ಟೆಯಂತೂ ಬೇಡವೇ ಬೇಡ, ಅದರಲ್ಲಿ ವಿದ್ಯುತ್ ಹರಿಯುತ್ತದೆ.

ನಿಜವಾದ ಬಲ ಬಂದಿದ್ದು ಹಗ್ಗದಿಂದ. ಕೆಳಗಿನ ಜಾಯಿಂಟಿನ ಸ್ವಲ್ಪ ಮೇಲೆ ಪ್ಲಾಸ್ಟಿಕ್ ಬಳೆ ಕೂರಿಸಿ, ನಾಗದೇವಿ ಸ್ಟ್ರೀಟಿನಿಂದ ತಂದ ಪಾಲಿಯೆಸ್ಟರ್ ಹಗ್ಗವನ್ನು ಮೂರು ದಿಕ್ಕಿಗೆ ಕಟ್ಟಿದ್ದೇನೆ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಉಕ್ಕಿನ ತಂತಿ ಟ್ಯೂನಿಂಗ್ ಕೆಡಿಸುತ್ತದೆ. ತುಂಬ ಬಿಗಿಯೂ ಬೇಡ, ಕೊಳವೆ ಸ್ವಲ್ಪ ಓಲಾಡಬೇಕು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಪಕ್ಕದಲ್ಲೇ ಹಾದುಹೋಗುವಾಗ ಕೊಲಾಬಾದಲ್ಲಿ ಗಂಟೆಗೆ 114 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು. ನಮ್ಮ ಟೆರೇಸಿನ ತಗಡಿನ ಶೀಟು ಹಾರಿತು, ಆಂಟೆನಾ ನಿಂತಿತ್ತು. (ಸೊಸೈಟಿ ಸೆಕ್ರೆಟರಿಗೆ ಇದರಿಂದ ಅಷ್ಟೇನೂ ಸಂತೋಷವಾಗಲಿಲ್ಲ.)

ಇನ್ನು ನೀರು. ಬಿಸಿಲಿಗೆ ಕಾದ ಕೊಳವೆಯ ಮೇಲೆ ಮಳೆ ಬಿದ್ದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಸಂದಿಯಿಂದ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಜಾಯಿಂಟುಗಳಿಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪನ್ನು (ತನಗೆ ತಾನೇ ಅಂಟಿ ಒಂದಾಗುವ ರಬ್ಬರ್ ಟೇಪು) ಚೆನ್ನಾಗಿ ಎಳೆದು, ಕೆಳಗಿನಿಂದ ಮೇಲಕ್ಕೆ, ಹಂಚಿನ ಮಾಡಿನಂತೆ ಒಂದರ ಮೇಲೊಂದು ಬರುವ ಹಾಗೆ ಸುತ್ತಬೇಕು. ಅದರ ಮೇಲೆ ಬಿಸಿಲಿಗೆ ಅಡ್ಡವಾಗಿ ಮಾಮೂಲಿ ವಿನೈಲ್ ಟೇಪು. ಸಿಲಿಕೋನ್ ಬಳಸುವುದಾದರೆ ನ್ಯೂಟ್ರಲ್ ಕ್ಯೂರ್ ಕೇಳಿ ತನ್ನಿ, ವಿನೆಗರ್ ವಾಸನೆಯದು ತಾಮ್ರವನ್ನು ತಿನ್ನುತ್ತದೆ. ಬುಡದ ಸಣ್ಣ ತೂತನ್ನು ಮಾತ್ರ ಮುಚ್ಚಬೇಡಿ. ಡೊಂಬಿವಲಿಯ ಗೆಳೆಯರೊಬ್ಬರು ಅದಕ್ಕೂ ಪುಟ್ಟಿ ಮೆತ್ತಿದ್ದರು. ಮಳೆಗಾಲ ಮುಗಿದ ಮೇಲೆ ಬಿಚ್ಚಿದರೆ ಲೋಟದಷ್ಟು ಹಸಿರು ನೀರು, ತಾಮ್ರದ ಕಿಲುಬು!

ಬಿಸಿಲಿಗೆ ಮೇಲಿನ ರಾಳ ಸವೆದು ಗಾಜಿನ ಎಳೆ ಹೊರಬರುತ್ತದೆ. ಬರಿಗೈಯಲ್ಲಿ ಹಿಡಿದರೆ ಎರಡು ದಿನ ತುರಿಕೆ. ಕೈಗವಸು ಹಾಕಿ, ಒದ್ದೆ ಮಾಡಿದ ನಯವಾದ ಮರಳು ಕಾಗದದಿಂದ ಉಜ್ಜಿ, ಒಣಗಿದ ಮೇಲೆ ಯುವಿ ತಡೆಯುವ ಪಾಲಿಯುರೆಥೇನ್ ಹೊಡೆಯಿರಿ. ಅಲ್ಯೂಮಿನಿಯಂ ಬೆರೆತ ಪೇಂಟು ಬೇಡ.

ಕೇಬಲ್ಲಿನ ತುದಿಗೆ ಹಾಕುವ ಪಿಎಲ್-259 ಕನೆಕ್ಟರಿಗೆ ನೀರು ತಡೆಯುವ ಗುಣವೇ ಇಲ್ಲ. ಎನ್ ಕನೆಕ್ಟರಿನ ಮಾದರಿ ಸಿಕ್ಕರೆ ಅದನ್ನೇ ಕೊಳ್ಳಿ. ನೀರು ಕುಡಿದ ಕೇಬಲ್ಲಿನ ಒಂದು ಮೋಸ ಗೊತ್ತಿರಲಿ. ವಾಪಸು ಬರುವ ಪವರ್ ದಾರಿಯಲ್ಲೇ ಕರಗುವುದರಿಂದ ಎಸ್‌ಡಬ್ಲ್ಯುಆರ್ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ! ವರ್ಷಕ್ಕೊಮ್ಮೆ, ಮೇ ತಿಂಗಳಲ್ಲೇ, ಕೇಬಲ್ಲಿನ ಮೇಲಿನ ತುದಿಗೆ ವಾಟ್ ಮೀಟರ್ ಮತ್ತು ಡಮ್ಮಿ ಲೋಡ್ (ಆಂಟೆನಾದ ಬದಲು ಪವರ್ ಹೀರಿಕೊಳ್ಳುವ ಸಾಧನ) ಸಿಕ್ಕಿಸಿ, ಎಷ್ಟು ಪವರ್ ತಲುಪುತ್ತಿದೆ ಎಂದು ನೋಡಿ.

ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಜೊತೆಗೆ ಕೊಟ್ಟ ಯು-ಬೋಲ್ಟಿಗೆ: ಮೊದಲ ಮಳೆಗಾಲಕ್ಕೇ ತುಕ್ಕು. ಹತ್ತಿರದ ರಿಪೀಟರಿಗೆ (ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಮಾತ್ರ ಬೇಕಿದ್ದರೆ ಎರಡು ಮೀಟರಿಗಿಂತ ಕಡಿಮೆ ಉದ್ದದ ಒಂದೇ ತುಂಡಿನ ಮಾದರಿ ಸಾಕು, ಜಾಯಿಂಟೇ ಇರುವುದಿಲ್ಲ.