ಕಪಾಟಿನ ವಾಸನೆಗೆ ಯಾವ ಇದ್ದಿಲು? ನನ್ನ ಓಟು ಗೆರಟೆಗೆ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯಲ್ಲಿ ಗೆದ್ದದ್ದು ತೆಂಗಿನ ಗೆರಟೆಯ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಒಳಗೆಲ್ಲ ಸಣ್ಣ ರಂಧ್ರ ಮೂಡಿಸಿದ ಇದ್ದಿಲು. ಬಿದಿರಿನ ಇದ್ದಿಲಿಗೆ ಕೊಟ್ಟ ದುಡ್ಡು ದಂಡ.

ಮಾರ್ಚ್‌ನಲ್ಲಿ ಮಂಗಳೂರಿನ ಮನೆಗೆ ಹೊಸ ಕಪಾಟು ಮಾಡಿಸಿದೆವು. ಪಾಲಿಶ್ ಹೊಡೆದು ತಿಂಗಳಾದರೂ ಥಿನ್ನರ್ ವಾಸನೆ ಹೋಗಲಿಲ್ಲ. ಒಗೆದ ಅಂಗಿ ಹಾಕಿಕೊಂಡರೂ ಪೇಂಟ್ ಅಂಗಡಿಯಿಂದ ಬಂದವನ ಹಾಗೆ ನಾರುತ್ತಿದ್ದೆ.

ಮೊದಲು ಇಸ್ತ್ರಿ ಅಂಗಡಿಯಿಂದ ಒಂದು ಹಿಡಿ ಇದ್ದಿಲು ತಂದಿಟ್ಟೆ. ಏನೂ ಆಗಲಿಲ್ಲ.

ಆಮೇಲೆ ಬಿದಿರು. ನಾಲ್ಕು ಚಂದದ ಚೀಲ, ನೇತುಹಾಕಲು ಕೊಂಡಿ ಬೇರೆ. ವಾರ ವಾಸಿ ಅನಿಸಿತು, ಆಮೇಲೆ ಅದೇ ಕಥೆ. ಒಂದನ್ನು ಬಿಚ್ಚಿ ನೋಡಿದರೆ ಬೆರಳಿನಷ್ಟು ದಪ್ಪದ ತುಂಡುಗಳು. ವಾಸನೆಯ ಅಣು ತುಂಡಿನ ಒಳಗಿನವರೆಗೆ ತಡವರಿಸುತ್ತಾ ಹೋಗಬೇಕು. ಕಾಳಿನ ಗಾತ್ರ ಅರ್ಧವಾದರೆ ಆ ಪಯಣಕ್ಕೆ ಕಾಲು ಭಾಗ ಸಮಯ ಸಾಕು. ಚೀಲ ಮಾಡಿದವರು ಉಲ್ಟಾ ಮಾಡಿದ್ದಾರೆ. ಬಿದಿರು ನೀರು ಸಾಗಿಸುತ್ತಿದ್ದ ನಾಳಗಳು ಸುಟ್ಟ ಮೇಲೂ ದೊಡ್ಡ ತೂತುಗಳಾಗಿ ಉಳಿಯುತ್ತವೆ. ಓಡಾಡಲು ರಥಬೀದಿ ಇದ್ದರೆ ಸಾಲದು, ಉಳಿದುಕೊಳ್ಳಲು ಓಣಿಯ ಮನೆ ಬೇಕಲ್ವಾ?

ಆ ಓಣಿ ಗೆರಟೆಯಲ್ಲಿ ಜಾಸ್ತಿ. ಗೆರಟೆಯ ಇದ್ದಿಲನ್ನು ಸುಮಾರು 900 ಡಿಗ್ರಿಯಲ್ಲಿ ಹಬೆ ಹಾಯಿಸಿ ಸುಟ್ಟರೆ ಒಳಗೆಲ್ಲ 2 ನ್ಯಾನೋಮೀಟರ್‌ಗಿಂತ ಸಣ್ಣ ರಂಧ್ರಗಳು ಮೂಡುತ್ತವೆ. ಒಂದು ಗ್ರಾಮಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ ಏಳೆಂಟು ಕಬಡ್ಡಿ ಅಂಕಣ. ಥಿನ್ನರ್‌ನಲ್ಲಿರುವ ಟಾಲುಯೀನ್‌ನಂಥ ಅಣು ಅರ್ಧ ನ್ಯಾನೋಮೀಟರ್‌ಗಿಂತ ತುಸು ದೊಡ್ಡದು. ಅಷ್ಟು ಇಕ್ಕಟ್ಟಿನಲ್ಲಿ ಅದನ್ನು ಎರಡೂ ಬದಿಯ ಗೋಡೆಗಳು ಎಳೆದುಕೊಳ್ಳುತ್ತವೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದವರು ಗ್ಯಾಸ್ ಮಾಸ್ಕ್‌ಗೆಂದು ಗೆರಟೆ ಹುಡುಕಿಕೊಂಡು ಹೋದದ್ದು ಸುಮ್ನೆ ಅಲ್ಲ. ಅಮ್ಮ ಮಾತ್ರ, "ನಾವು ಬಚ್ಚಲೊಲೆಗೆ ಹಾಕುತ್ತಿದ್ದುದನ್ನು ನೀನು ದುಡ್ಡು ಕೊಟ್ಟು ತಂದೆಯಾ ಮಾರಾಯ?" ಎಂದರು.

ಬಿದಿರಿನ ನಾಲ್ಕು ಚೀಲದ ದುಡ್ಡಿಗೆ ಇದು ಒಂದು ಕೆಜಿ ಬಂತು. ಎರಡು ಮೂರು ಮಿಲಿಮೀಟರ್ ಕಾಳು. ಪುಡಿ ಇನ್ನೂ ಬೇಗ ಕೆಲಸ ಮಾಡುತ್ತದೆ, ಆದರೆ ಬಿಳಿ ಅಂಗಿಯ ಪಕ್ಕ ಇಡುವ ಧೈರ್ಯ ನನಗಿಲ್ಲ. ಹಳೆ ಪಂಚೆಯಲ್ಲಿ ಗಂಟು ಕಟ್ಟಿ ಇಟ್ಟೆ. ಐದನೇ ದಿನಕ್ಕೆ ಕಪಾಟು ತೆರೆದರೆ ಮರದ ವಾಸನೆ ಬಂತು.

ಪೇಚಾಟ ಶುರುವಾದದ್ದು ಜುಲೈನಲ್ಲಿ. ಮಳೆ ಹಿಡಿಯಿತು, ಥಿನ್ನರ್ ವಾಸನೆ ಮೆಲ್ಲಗೆ ವಾಪಸ್ ಬಂತು. ಗಾಳಿಯ ತೇವ ಐವತ್ತು ಶೇಕಡದ ಒಳಗಿದ್ದರೆ ಕಾರ್ಬನ್‌ಗೆ ನೀರಿನ ಗೊಡವೆ ಅಷ್ಟಾಗಿ ಇರುವುದಿಲ್ಲ. ಅದು ಮೀರಿದರೆ ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡು ರಂಧ್ರ ತುಂಬಿಬಿಡುತ್ತವೆ. ನಮ್ಮೂರಿನ ಮಳೆಗಾಲದಲ್ಲಿ ಐವತ್ತು ಎಲ್ಲಿ ಬಂತು!

ಅಂಗಡಿಯವರನ್ನು ಕೇಳಿದರೆ "ಬಿಸಿಲಿಗೆ ಇಡಿ" ಎಂದರು. ಜುಲೈನಲ್ಲಿ ಮಂಗಳೂರಿನಲ್ಲಿ ಯಾವ ಬಿಸಿಲು? ಅತಿಬುದ್ಧಿ ಉಪಯೋಗಿಸಿ ಓವನ್‌ನಲ್ಲಿ 120 ಡಿಗ್ರಿಗೆ ಇಟ್ಟೆ. ಮೊದಲು ಹಬೆ ಬಂತು. ಖುಷಿಯಾಯಿತು. ಆಮೇಲೆ ಮೂರು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದ ಥಿನ್ನರ್ ಅಡುಗೆಮನೆ ತುಂಬಾ ಹೊರಬಂತು. ಅಣು ಬರೀ ಅಂಟಿಕೊಂಡಿರುತ್ತದೆ, ಕರಗಿ ಹೋಗಿರುವುದಿಲ್ಲ. ಬಿಸಿ ತಾಗಿದರೆ ಕೈಬಿಡುತ್ತದೆ. ಇದು ನನಗೆ ಗೊತ್ತಿದ್ದ ವಿಷಯವೇ, ಆದರೂ ಮಾಡಿದೆ. ಕಾದ ಕಾಯಿಲ್ ಪಕ್ಕದಲ್ಲಿ ಥಿನ್ನರ್ ಆವಿ ಅಂದರೆ ಬೆಂಕಿಗೆ ಆಹ್ವಾನ, ದಯವಿಟ್ಟು ಯಾರೂ ಮಾಡಬೇಡಿ. ಅವತ್ತಿನ ಸಾರು ಚೆಲ್ಲಿದೆವು. ಓವನ್‌ನಲ್ಲಿ ಎರಡು ವಾರ ಏನೂ ಬೇಯಿಸಲಿಲ್ಲ.

ಬೆಕ್ಕಿನ ಮರಳಿನ ಡಬ್ಬಿಯ ಬಳಿ ಬಿದಿರು, ಗೆರಟೆ ಎರಡೂ ಸೋತವು. ಅಲ್ಲಿನ ನಾತ ಅಮೋನಿಯಾದ್ದು. ಅಮೋನಿಯಾ ಅಣು ತೀರಾ ಚಿಕ್ಕದು, ಸಾದಾ ಕಾರ್ಬನ್ ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ.

ತಿಂಗಳಿಗೊಮ್ಮೆ ನೆನಪಿಟ್ಟು ಚೀಲ ಒಣಗಿಸುವವರು ಬಿದಿರು ಇಟ್ಟುಕೊಳ್ಳಲಿ. ನಾನು ತುಳಸಿಗೆ ನೀರು ಹಾಕುವುದನ್ನೇ ಮರೆಯುವವನು. ಗೆರಟೆ ಅಗ್ಗ. ಸ್ವಲ್ಪವೇ ಇಟ್ಟು, ಸೋತಾಗ ಹೊಸದು ಹಾಕುತ್ತೇನೆ. ಬಿದಿರಿನ ಚೀಲಗಳು ಚಪ್ಪಲಿ ಸ್ಟ್ಯಾಂಡಿಗೆ ಹೋದವು. ಉಳಿದ ಗೆರಟೆ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲೇ ಇಡಬೇಕು, ಇಲ್ಲದಿದ್ದರೆ ಅಲ್ಲೇ ಸುಮ್ಮನೆ ತುಂಬಿಕೊಳ್ಳುತ್ತದೆ. ಮೊನ್ನೆ ಅಮ್ಮ ಅದನ್ನು ಕರಿ ಎಳ್ಳೆಂದು ತೆರೆದರು. ಈಗ ಡಬ್ಬಿಗೆ ಚೀಟಿ ಅಂಟಿಸಿದ್ದೇನೆ.