ಎತ್ತರ ಹೊಂದಿಸುವ ಟ್ರೇಲರ್ ಕೊಂಡಿ: ಭತ್ತದ ಹೇರು ಎಳೆದ ಮೇಲೆ ಬರೆದ ವಿಮರ್ಶೆ

ನಮ್ಮ 47 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಮೊದಲಿನಿಂದ ಇದ್ದ ಸಾದಾ ಕೊಂಡಿಯನ್ನು ತೆಗೆಸಿ, ಎತ್ತರ ಹೊಂದಿಸಬಹುದಾದ, ಪಿನ್ನು ತಾನಾಗಿಯೇ ಬೀಳುವ ಭಾರದ ಕೊಂಡಿಯನ್ನು ಹಾಕಿಸಿ ಕೆಲವು ಸುಗ್ಗಿಗಳು ಕಳೆದಿವೆ. ಕಾರಟಗಿ ಸುತ್ತಿನ ಎರೆ ಗದ್ದೆಗಳಿಂದ ಭತ್ತವನ್ನು ಎರಡು ಗಾಲಿಯ ಟ್ರೇಲರಿನಲ್ಲಿ ಹೇರಿಕೊಂಡು ಕಾಲುವೆ ದಂಡೆಯ ದಾರಿ ಹಿಡಿದು ಮಿಲ್ಲಿಗೋ ಗಂಗಾವತಿಯ ಮಾರುಕಟ್ಟೆಗೋ ಮುಟ್ಟಿಸುವುದು ಇದರ ಮುಖ್ಯ ಕೆಲಸ. ಕೊಳ್ಳಬೇಕೆಂದಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ವಸ್ತು ಒಳ್ಳೆಯದು, ಕೊಟ್ಟ ಹಣಕ್ಕೆ ತಕ್ಕದ್ದು. ಆದರೆ ಇನ್ನಷ್ಟು ಚೀಲ ಹೇರಬಹುದೆಂಬ ಆಸೆಯಿಂದ ಇದನ್ನು ಹಾಕಿಸುವವರು ಹಾಕಿಸದಿರುವುದೇ ಲೇಸು.

ಹಳೆಯ ಕೊಂಡಿಯಲ್ಲಿ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಒಂದು ಪಿನ್ನು ಇಳಿಬಿಡುವ ವ್ಯವಸ್ಥೆಯಿತ್ತು. ವರ್ಷಗಳ ಬಳಕೆಯಲ್ಲಿ ಪಿನ್ನು ಒಂದು ಮಗ್ಗುಲಿಗೆ ಸವೆದು, ಪಟ್ಟಿಯ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಇಂಥ ಸಡಿಲ ಬಂದ ಕೊಂಡಿಯಲ್ಲಿ ಬ್ರೇಕು ಒತ್ತಿದಾಗ ಟ್ರೇಲರು ಮುಂದೆ ಬಂದು ಬಡಿಯುತ್ತದೆ, ಗಾಡಿ ಎತ್ತಿಕೊಳ್ಳುವಾಗ ಹಿಂದಕ್ಕೆ ಜಗ್ಗುತ್ತದೆ. ಪ್ರತಿಯೊಂದು ಬಡಿತವೂ ಸವೆತವನ್ನು ಹೆಚ್ಚಿಸುತ್ತದೆ, ಸವೆತ ಹೆಚ್ಚಿದಷ್ಟೂ ಬಡಿತ ಜೋರಾಗುತ್ತದೆ. ಹೊಸ ಕೊಂಡಿಯಲ್ಲಿ ಪಿನ್ನು ದಪ್ಪವಾಗಿದೆ, ಟ್ರೇಲರಿನ ಉಂಗುರ ಒಳಗೆ ಬಂದು ತಾಗಿದೊಡನೆ ಸ್ಪ್ರಿಂಗಿನ ಬಲದಿಂದ ಕೆಳಗಿಳಿದು ಬೀಗ ಬೀಳುತ್ತದೆ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಆಳು ನಿಂತು, ಕೈಯಲ್ಲಿ ಪಿನ್ನು ಹಿಡಿದುಕೊಂಡು, ಚಾಲಕನಿಗೆ ‘ಇನ್ನಷ್ಟು ಹಿಂದಕ್ಕೆ ಬಾ’ ಎಂದು ಕೂಗುವ ಅಪಾಯದ ಕೆಲಸ ಇದರಿಂದ ತಪ್ಪಿತು. ಬೇರೆ ಯಾವ ಅನುಕೂಲವೂ ಇಲ್ಲದಿದ್ದರೂ ಇದೊಂದಕ್ಕಾಗಿ ನಾನು ಈ ಕೊಂಡಿಯನ್ನು ಕೊಳ್ಳುತ್ತಿದ್ದೆ.

ಎತ್ತರ ಹೊಂದಿಸುವ ಸೌಲಭ್ಯ ಚಿಕ್ಕದೆಂದು ತೋರುತ್ತದೆ, ಆದರೆ ಸುರಕ್ಷತೆಯ ಹೆಚ್ಚಿನ ಪಾಲು ಇರುವುದು ಅಲ್ಲಿಯೇ. ಟ್ರ್ಯಾಕ್ಟರು ಭಾರ ಎಳೆಯುವಾಗ ಎಳೆತವು ಹಿಂದಿನ ಗಾಲಿಗಳ ಮೇಲೆ ಅದನ್ನು ಹಿಂದಕ್ಕೆ ಮಗುಚಲು ನೋಡುತ್ತದೆ. ಕೊಂಡಿ ಎತ್ತರವಾದಷ್ಟೂ ಆ ಬಲ ಹೆಚ್ಚು. ಟಾಪ್ ಲಿಂಕಿನ ಜಾಗಕ್ಕೆ, ಅಂದರೆ ನೇಗಿಲಿನಂಥ ಉಪಕರಣದ ಮೇಲ್ತುದಿಯನ್ನು ಟ್ರ್ಯಾಕ್ಟರಿನ ಹಿಂಬದಿಗೆ ಸಿಕ್ಕಿಸುವ ಎತ್ತರದ ಜಾಗಕ್ಕೆ, ಸರಪಳಿ ಕಟ್ಟಿ ಎಳೆಯಬಾರದೆಂದು ಬಲ್ಲವರು ಹೇಳುವುದು ಇದೇ ಕಾರಣಕ್ಕೆ. ಇದಕ್ಕೆ ಎರಡು ಗಾಲಿಯ ಟ್ರೇಲರಿನ ಮೂತಿಯ, ಅಂದರೆ ಉಂಗುರವಿರುವ, ಕೊಂಡಿಯ ಮೇಲೆ ಕೂರುವ ಮುಂದುದಿಯ ಭಾರವೂ ಸೇರಿಕೊಳ್ಳುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 2 ಮೀಟರ್ ಅಂತರವಿದ್ದು, ಕೊಂಡಿಯು ಹಿಂದಿನ ಆಕ್ಸಲ್‌ನಿಂದ 60 ಸೆಂಟಿಮೀಟರ್ ಹಿಂದಿದೆ ಎಂದಿಟ್ಟುಕೊಳ್ಳಿ. ಕೊಂಡಿಯ ಮೇಲೆ 700 ಕಿಲೋ ಕೂತರೆ ಮುಂದಿನ ಗಾಲಿಗಳಿಂದ 210 ಕಿಲೋ ಭಾರ ಎದ್ದುಹೋಗುತ್ತದೆ. ಮುಂಭಾಗದಲ್ಲಿ ಸುಮಾರು 800 ಕಿಲೋ ಮಾತ್ರ ಇರುವ ಟ್ರ್ಯಾಕ್ಟರಿಗೆ ಇದು ಸಣ್ಣ ಲೆಕ್ಕವಲ್ಲ. ಕಾಲುವೆಯ ಸೇತುವೆಗೆ ಏರುವಾಗ ಸ್ಟೀಯರಿಂಗು ಹಗುರಾಗಿ, ತಿರುಗಿಸಿದರೂ ಗಾಡಿ ನೇರ ಹೋಗುವುದು ಏಕೆಂಬುದು ಇದರಿಂದ ತಿಳಿಯುತ್ತದೆ. ಟ್ರೇಲರಿನ ತಳ ನೆಲಕ್ಕೆ ಸಮವಾಗಿ ನಿಲ್ಲುವಂತೆ ಕೊಂಡಿಯನ್ನು ಒಂದು ತೂತು ಕೆಳಗಿಳಿಸಿ, ಮುಂದಕ್ಕೆ ಬಂಪರಿನ ತೂಕಗಳನ್ನು ಹಾಕಿದ ಮೇಲೆ ಅದೇ ಏರಿನಲ್ಲಿ ಸ್ಟೀಯರಿಂಗು ಕೈಗೆ ಗಟ್ಟಿಯಾಗಿ ಸಿಗುತ್ತಿದೆ.

ಮೂತಿಯ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂಬುದನ್ನು ಅಂದಾಜಿಗೆ ಬಿಡಬೇಕಿಲ್ಲ. ವೇಬ್ರಿಡ್ಜಿನ ಮೇಲೆ ಮೊದಲು ಟ್ರ್ಯಾಕ್ಟರನ್ನು ಮಾತ್ರ ತೂಗಿಸಿ. ಅನಂತರ ಹೇರು ತುಂಬಿದ ಟ್ರೇಲರನ್ನು ಸಿಕ್ಕಿಸಿ, ಟ್ರ್ಯಾಕ್ಟರಿನ ನಾಲ್ಕೂ ಗಾಲಿ ಕಾಟಾದ ಮೇಲೆ, ಟ್ರೇಲರಿನ ಗಾಲಿಗಳು ಅದರ ಹೊರಗೆ ನಿಲ್ಲುವಂತೆ ಮತ್ತೊಮ್ಮೆ ತೂಗಿಸಿ. ಎರಡರ ವ್ಯತ್ಯಾಸವೇ ಕೊಂಡಿಯ ಮೇಲಿನ ಭಾರ. ಕಾರಿನ ಹಿಂದೆ ಮನೆಯಂಥ ಟ್ರೇಲರು ಎಳೆದುಕೊಂಡು ಪ್ರವಾಸ ಹೋಗುವ ಅಮೆರಿಕದಂಥ ದೇಶಗಳಲ್ಲಿ ಹೇರು ಸೇರಿದ ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಮೂತಿಯ ಮೇಲಿರಲಿ ಎನ್ನುತ್ತಾರೆ. ನಮ್ಮಲ್ಲಿ ಚೀಲ ಒಟ್ಟುವವರ ಕೈಯಲ್ಲಿ ಇದೆಲ್ಲ ನಿಂತಿದೆ. 75 ಕಿಲೋದ ಚೀಲಗಳನ್ನು ಮುಂದಕ್ಕೇ ಒಟ್ಟಿದರೆ ಟ್ರ್ಯಾಕ್ಟರಿನ ಮುಂಭಾಗ ಹಗುರಾಗುತ್ತದೆ. ಹಿಂದಕ್ಕೇ ಒಟ್ಟಿದರೆ ಮೂತಿ ಮೇಲೇಳಲು ನೋಡಿ, ಹಿಂದಿನ ದೊಡ್ಡ ಗಾಲಿಗಳ ಹಿಡಿತ ಕಡಿಮೆಯಾಗಿ, ಟ್ರೇಲರಿನ ಬಾಲ ಅಲೆದಾಡುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು, ಏಕೆಂದರೆ ಇಳಿಜಾರಿನಲ್ಲಿ ವೇಗ ಕೂಡುವವರೆಗೆ ಅದು ತಿಳಿಯುವುದೇ ಇಲ್ಲ.

ಕೊಂಡಿಯ ಮೇಲೆ ಒಂದು ತಗಡಿನ ಪಟ್ಟಿ ಇರಬೇಕು, ಅದರಲ್ಲಿ ಎರಡು ಅಂಕಿಗಳಿರಬೇಕು: ಎಳೆತದ ತಾಳಿಕೆ ಬಲದ ಅಳತೆಯಾದ ಕಿಲೋನ್ಯೂಟನ್‌ನಲ್ಲಿ, ಮೇಲಿನಿಂದ ಬೀಳುವ ಭಾರದ ಮಿತಿ ಕಿಲೋದಲ್ಲಿ. ಎಳೆತದ ಅಂಕಿಯನ್ನು ನಮ್ಮ ಗಾಡಿಗೆ ಹೊಂದಿಸಿ ನೋಡುವುದು ಸುಲಭ. ಟ್ರ್ಯಾಕ್ಟರಿನ ತೂಕವನ್ನೂ ಟ್ರೇಲರಿನ ತೂಕವನ್ನೂ ಟನ್ನಿನಲ್ಲಿ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, ಬಂದದ್ದನ್ನು 9.81ರಿಂದ ಗುಣಿಸಬೇಕು. 2.1 ಟನ್ನಿನ ಟ್ರ್ಯಾಕ್ಟರು, ಗಾಲಿಗಳ ಮೇಲೆ 6 ಟನ್ ಹೊತ್ತ ಟ್ರೇಲರು ಎಂದರೆ ಸುಮಾರು 15 ಕಿಲೋನ್ಯೂಟನ್ ಬರುತ್ತದೆ. ಪಟ್ಟಿಯ ಅಂಕಿ ಇದಕ್ಕಿಂತ ಸಾಕಷ್ಟು ಮೇಲಿರಲಿ. ಪಟ್ಟಿಯೇ ಇಲ್ಲದ ಕೊಂಡಿಯನ್ನು, ಅದು ಎಷ್ಟೇ ದಪ್ಪ ಕಂಡರೂ, ನಾನು ಕೊಳ್ಳುವುದಿಲ್ಲ. ಕೊಂಡಿಯ ಅಂಕಿ ಎಷ್ಟೇ ದೊಡ್ಡದಿದ್ದರೂ ಟ್ರ್ಯಾಕ್ಟರಿನ ಪುಸ್ತಕ, ಟ್ರೇಲರಿನ ಆಕ್ಸಲ್, ಟೈರು, ಉಂಗುರ, ಬೋಲ್ಟು ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ಹೇಳುತ್ತದೆಯೋ ಅದೇ ನಮ್ಮ ಮಿತಿ.

ಜೋಡಣೆಯ ವಿಷಯದಲ್ಲಿ ನನಗೆ ಅಸಮಾಧಾನವಿದೆ. ಪೆಟ್ಟಿಗೆಯಲ್ಲಿ ಬಂದ ಬೋಲ್ಟುಗಳ ತಲೆಯ ಮೇಲೆ ಯಾವ ಗುರುತೂ ಇರಲಿಲ್ಲ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಾಗಿದ್ದರೆ ಮಾತ್ರ ಅದರ ಬಲವನ್ನು ನಂಬಬಹುದು, 10.9 ಎಂದರೆ ಚದರ ಮಿಲಿಮೀಟರಿಗೆ ಸುಮಾರು 1000 ನ್ಯೂಟನ್ ಎಳೆತಕ್ಕೆ ತುಂಡಾಗುವ, ಅದರ ಶೇಕಡಾ 90ರವರೆಗೆ ಶಾಶ್ವತವಾಗಿ ಹಿಗ್ಗದಿರುವ ಉಕ್ಕು. ಗುರುತಿಲ್ಲದವನ್ನು ಬದಿಗಿಟ್ಟು, ಟ್ರ್ಯಾಕ್ಟರಿನ ಪುಸ್ತಕ ಹೇಳಿದ ದರ್ಜೆಯ ಬೋಲ್ಟುಗಳನ್ನು ಬೇರೆಯಾಗಿ ತರಿಸಬೇಕಾಯಿತು. ಮೊದಲು ಕೇಳಿದ ಗ್ಯಾರೇಜಿನವರು ‘ಬೋಲ್ಟು ಯಾಕ್ರೀ, ವೆಲ್ಡಿಂಗ್ ಹೊಡದು ಬಿಡೋಣ’ ಎಂದರು. ಕೊಂಡಿ ಕೂರುವ ಟ್ರ್ಯಾಕ್ಟರಿನ ಹಿಂದಿನ ಹೌಸಿಂಗು, ಅಂದರೆ ಗೇರುಗಳನ್ನು ಮುಚ್ಚಿದ ಹೊರಕವಚ, ಎರಕದ ಕಬ್ಬಿಣ. ಅದಕ್ಕೆ ವೆಲ್ಡಿಂಗಿನ ಕಾವು ತಾಗಿದರೆ ಸುತ್ತಲಿನ ಲೋಹ ಪೆಡಸಾಗಿ ಬಿರುಕು ಬಿಡುತ್ತದೆ. ಅಲ್ಲಿಂದ ಗಾಡಿ ತಿರುಗಿಸಿ, ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ವ್ರೆಂಚು ಇಟ್ಟುಕೊಂಡ ಮತ್ತೊಬ್ಬ ಮೇಸ್ತ್ರಿಯ ಹತ್ತಿರ ಬೋಲ್ಟಿನಿಂದಲೇ ಜೋಡಿಸಿಕೊಂಡೆ. ಮೊದಲ ಕೆಲವು ಹೇರುಗಳಾದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿ ನೋಡಿಸುವುದು ಕಡ್ಡಾಯ, ಏಕೆಂದರೆ ಬಣ್ಣದ ಪದರ ಅದುಮಿಕೊಂಡು ಬಿಗಿ ಇಳಿಯುತ್ತದೆ.

ಬಳಕೆಯಲ್ಲಿ ಕಂಡ ನಿಜವಾದ ಕೊರತೆ ಧೂಳಿನದು. ಭತ್ತದ ಸಣ್ಣ ಮುಳ್ಳುಧೂಳು ಪಿನ್ನಿನ ಗ್ರೀಸಿಗೆ ಅಂಟಿ, ಬೆರಳಲ್ಲಿ ಉಜ್ಜಿದರೆ ಮರಳಿನಂತೆ ಕರಕರ ಎನ್ನುವ ಕಪ್ಪು ಹಿಟ್ಟಾಗುತ್ತದೆ. ಅದರ ಮೇಲೆಯೇ ಹೊಸ ಗ್ರೀಸು ಹಚ್ಚಿದರೆ ಸವೆತಕ್ಕೆ ನಾವೇ ಸಾಮಾನು ಕೊಟ್ಟಂತೆ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಗ್ರೀಸು ಹಚ್ಚಬೇಕು. ನಾಟಿಗೆ ಮೊದಲು ಗದ್ದೆಯಲ್ಲಿ ನೀರು ನಿಲ್ಲಿಸಿ ರೊಳ್ಳಿ ಹೊಡೆಯುವಾಗ ಸಿಡಿದ ಕೆಸರು ಸ್ಪ್ರಿಂಗಿನ ಗೂಡಿನಲ್ಲಿ ಒಣಗಿದರೆ ಪಿನ್ನು ಪೂರ್ತಿ ಇಳಿಯದೆ ನಡುವೆಯೇ ನಿಲ್ಲುತ್ತದೆ, ಆದರೆ ‘ಟಕ್’ ಎಂಬ ಸದ್ದು ಮಾತ್ರ ಬರುತ್ತದೆ. ಸದ್ದನ್ನು ನಂಬದೆ, ಕೆಳಗೆ ಬಗ್ಗಿ ಪಿನ್ನಿನ ತುದಿ ಕೆಳಪಟ್ಟಿಯಿಂದ ಹೊರಬಂದಿದೆಯೇ ಎಂದು ಕಣ್ಣಿನಿಂದ ನೋಡಲೇಬೇಕು. ತಯಾರಕರು ಆ ಗೂಡಿಗೆ ಒಂದು ರಬ್ಬರಿನ ಮುಚ್ಚಳ ಕೊಟ್ಟಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಕೊಂಡಿಯ ಜೊತೆಗೇ ಎರಡು ಸುರಕ್ಷಾ ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಹಾಕಿಸಿದ್ದೇನೆ. ಉಂಗುರ ಕಳಚಿದರೂ ಮೂತಿ ನೆಲಕ್ಕೆ ನಾಟದೆ ಸರಪಳಿಗಳ ಮೇಲೆ ಕೂರುತ್ತದೆ. ರಸ್ತೆಗಿಳಿಯುವ ಮೊದಲು ಎಡ ಬಲ ಬ್ರೇಕ್ ಪೆಡಲುಗಳನ್ನು ಕೂಡಿಸುವ ಪಟ್ಟಿಯನ್ನು ಹಾಕದಿದ್ದರೆ, ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರು ಅಡ್ಡ ತಿರುಗಿ, ಟ್ರೇಲರು ಬಂದು ಮಗ್ಗುಲಿಗೆ ಇರಿಯುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕಿಲ್ಲದಿದ್ದರೆ ಎಷ್ಟು ಗಟ್ಟಿ ಕೊಂಡಿಯಾದರೂ ಹಿಂದಿನಿಂದ ನೂಕುವ ಭಾರವನ್ನು ತಡೆಯಲಾರದು. ಹಣ ಒಂದೇ ಕೆಲಸಕ್ಕೆ ಸಾಲುವಂತಿದ್ದರೆ ಟ್ರೇಲರಿನ ಬ್ರೇಕನ್ನು ಮೊದಲು ಮಾಡಿಸಿ, ಕೊಂಡಿ ಆಮೇಲೆ ಬರಲಿ ಎಂದೇ ನಾನು ಹೇಳುತ್ತೇನೆ.

ಕೊಂಡಿ, ಬೋಲ್ಟು, ಸರಪಳಿ, ಕೂಲಿ ಎಲ್ಲ ಸೇರಿ ನನಗೆ ₹16,000 ದಾಟಿತು. ಪಿನ್ನಿನಲ್ಲಿ ಇದುವರೆಗೆ ಅಳೆಯುವಂಥ ಸವೆತ ಕಂಡಿಲ್ಲ, ಕೊಂಡಿಯ ದೇಹದಲ್ಲಿ ಬಿರುಕಿಲ್ಲ. ಮೂಲೆಗಳ ಬಣ್ಣ ಮಾತ್ರ ಎದ್ದಿದೆ. ಆದರೆ ಹೊಸ ಗಟ್ಟಿ ಪಿನ್ನು ಈಗ ಟ್ರೇಲರಿನ ಹಳೆಯ ಉಂಗುರದ ಒಳಬದಿಯನ್ನು ತಿನ್ನತೊಡಗಿದೆ. ಬರುವ ಸುಗ್ಗಿಗೆ ಮೊದಲು ಅದನ್ನೂ ಬದಲಿಸಲು ಮೇಸ್ತ್ರಿಗೆ ಅಳತೆ ಕೊಟ್ಟಿದ್ದೇನೆ. ಕೊಂಡಿ ಹಾಕಿಸುವವರು ಅದೇ ದಿನ ಉಂಗುರದ ಲೆಕ್ಕವನ್ನೂ ಹಿಡಿದುಕೊಂಡರೆ ಒಂದು ಕೂಲಿ ಉಳಿಯುತ್ತದೆ.