ಸರಾಸರಿ ಬೆಲೆಯನ್ನು ನಂಬಿ ಮನೆ ಮಾರಲು ಹೊರಟಾಗ ನಮಗಾದದ್ದು

ಇರುವ ಮನೆಯನ್ನು ಮಾರಿ, ಆ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ, ಸ್ವಲ್ಪ ದೊಡ್ಡ ಮನೆ ಕೊಳ್ಳೋಣ ಎಂದು ಹೊರಟ ನಾವು ಮಾರುವಾಗಲೂ ಕೊಳ್ಳುವಾಗಲೂ ಪೆಟ್ಟು ತಿಂದೆವು. ಇದರಲ್ಲಿ ನಮಗೆ ಯಾರೂ ಮೋಸ ಮಾಡಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಗದಪತ್ರಗಳು ಸರಿಯಾಗಿದ್ದವು, ದಲ್ಲಾಳಿ ಸುಳ್ಳು ಹೇಳಲಿಲ್ಲ, ನಾವು ನಂಬಿದ ಅಂಕಿಯೂ ಲೆಕ್ಕದ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೂ ಮೊದಲು ಕೇಳಿದ ಬೆಲೆಗಿಂತ ಶೇ 14ರಷ್ಟು ಕಡಿಮೆಗೆ ಮನೆ ಬಿಟ್ಟುಕೊಡಬೇಕಾಯಿತು. ಅದಕ್ಕೂ ಮುನ್ನ ಸುಮಾರು 7 ತಿಂಗಳು ನಿದ್ದೆಗೆಟ್ಟದ್ದು ಬೇರೆ. ಮನೆ ಮಾರುವ ಅಥವಾ ಕೊಳ್ಳುವ ಯೋಚನೆಯಲ್ಲಿರುವವರು ಬೆಲೆಯ ಏರಿಳಿತವನ್ನು ನಮ್ಮಂತೆ ತಪ್ಪಾಗಿ ಓದಬಾರದೆಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಆರಂಭವಾದದ್ದು ಒಂದು ವರದಿಯಿಂದ. ಒಂದು ವರ್ಷದಲ್ಲಿ ನಮ್ಮ ಭಾಗದ ಮನೆಗಳ ಸರಾಸರಿ ಮಾರಾಟ ಬೆಲೆ ಶೇ 12ರಷ್ಟು ಏರಿದೆ ಎಂದು ಅದರ ಮೊದಲ ಪುಟದಲ್ಲಿಯೇ ದಪ್ಪ ಅಕ್ಷರದಲ್ಲಿತ್ತು. ನಮ್ಮ ಪಕ್ಕದಲ್ಲೇ, ನಮ್ಮದೇ ಅಳತೆಯ ಮನೆಯೊಂದು ಸರಿಯಾಗಿ ವರ್ಷದ ಹಿಂದೆ ಮಾರಾಟವಾಗಿತ್ತು. ನಾವು ಆ ಬೆಲೆಗೆ ಶೇ 12 ಸೇರಿಸಿ, ಚೌಕಾಸಿಗೆ ಇರಲಿ ಎಂದು ಮೇಲೆ ಇನ್ನೊಂದು ಶೇ 5 ಸೇರಿಸಿ ಮನೆಯನ್ನು ಮಾರಾಟಕ್ಕಿಟ್ಟೆವು. ಅಷ್ಟಕ್ಕೇ ನಿಂತಿದ್ದರೆ ಇಷ್ಟೊಂದು ಬರೆಯುವ ಅಗತ್ಯ ಬರುತ್ತಿರಲಿಲ್ಲ. ಏರುತ್ತಿರುವ ಬೆಲೆ ಇನ್ನಷ್ಟು ಏರುವ ಮುನ್ನ ಹಿಡಿಯಬೇಕೆಂಬ ಆತುರದಲ್ಲಿ ಅದೇ ವಾರ ಹೊಸ ಮನೆಗೂ ಮುಂಗಡ ಕೊಟ್ಟು, ಉಳಿದ ಹಣವನ್ನು 4 ತಿಂಗಳೊಳಗೆ ಕಟ್ಟುತ್ತೇವೆಂದು ಕರಾರಿಗೆ ಸಹಿ ಹಾಕಿದೆವು. ನಮ್ಮ ಹಳೆಯ ಮನೆ ಮಾರಾಟವಾಗದಿದ್ದರೆ ಏನು ಮಾಡುವುದೆಂಬ ಮಾತು ಆ ಕರಾರಿನಲ್ಲಿ ಎಲ್ಲಿಯೂ ಇರಲಿಲ್ಲ. ಅಂಥದ್ದೊಂದು ಷರತ್ತು ಬೇಕೆಂದು ಕೇಳುವುದು ನಮಗೆ ಹೊಳೆಯಲೂ ಇಲ್ಲ.

ಸರಾಸರಿಯ ತೊಡಕು ನನಗೆ ಅರ್ಥವಾದದ್ದು ಬಹಳ ತಡವಾಗಿ. ಕಳೆದ ವರ್ಷ 10 ಮನೆಗಳು, ತಲಾ 50ರ ಬೆಲೆಗೆ ಮಾರಾಟವಾದವು ಎಂದಿಟ್ಟುಕೊಳ್ಳಿ. ಈ ವರ್ಷ ಅಂಥ 8 ಮನೆಗಳು ಅದೇ 50ಕ್ಕೆ ಮಾರಾಟವಾದವು. ಜೊತೆಗೆ ಹೊಸದಾಗಿ ಎದ್ದ ವೈಭವದ ಕಟ್ಟಡದ 2 ಮನೆಗಳು ತಲಾ 150ಕ್ಕೆ ಹೋದವು. ಸರಾಸರಿ 50ರಿಂದ 70ಕ್ಕೆ ಜಿಗಿಯಿತು, ಅಂದರೆ ಶೇ 40ರ ಏರಿಕೆ. ಆದರೆ ಯಾವ ಮನೆಯ ಬೆಲೆಯೂ ಚೂರೂ ಏರಿಲ್ಲ. ಮಾರಾಟವಾದ ಮನೆಗಳ ಬಗೆ ಮಾತ್ರ ಬದಲಾಗಿದೆ. ನಮ್ಮ ಭಾಗದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ಆ ವರ್ಷ ದುಬಾರಿ ಫ್ಲ್ಯಾಟುಗಳ ದೊಡ್ಡ ಗುಂಪೊಂದು ನೋಂದಣಿಯಾಗಿತ್ತು, ನಮ್ಮ ಹಳೆಯ ಮನೆ ಅವುಗಳ ನೆರಳಿನಲ್ಲಿ ಬೆಲೆ ಏರಿಸಿಕೊಂಡಂತೆ ಕಂಡಿತು.

ಇದಕ್ಕೆ ಮದ್ದೆಂದು ಹಲವರು ಮಧ್ಯಾಂಕವನ್ನು ನೋಡಲು ಹೇಳುತ್ತಾರೆ, ಅಂದರೆ ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆಯನ್ನು. ಮೇಲಿನ ಉದಾಹರಣೆಯಲ್ಲಿ ಮಧ್ಯಾಂಕ ಎರಡೂ ವರ್ಷ 50 ಆಗಿಯೇ ಉಳಿಯುತ್ತದೆ, ಆದ್ದರಿಂದ ಅದು ಸರಾಸರಿಗಿಂತ ವಾಸಿ. ಆದರೆ ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 40ರ ಬೆಲೆಯ 6 ಸಣ್ಣ ಮನೆಗಳು ಮತ್ತು 80ರ ಬೆಲೆಯ 4 ದೊಡ್ಡ ಮನೆಗಳು ಮಾರಾಟವಾದ ವರ್ಷ ಮಧ್ಯಾಂಕ 40 ಇರುತ್ತದೆ. ಮರುವರ್ಷ 4 ಸಣ್ಣವು, 6 ದೊಡ್ಡವು ಮಾರಾಟವಾದರೆ ಅದೇ ಬೆಲೆಗಳಲ್ಲಿಯೇ ಮಧ್ಯಾಂಕ 80 ಆಗುತ್ತದೆ. ಈ ತೊಡಕನ್ನು ತಪ್ಪಿಸಲೆಂದೇ ಒಂದೇ ಮನೆ ಎರಡು ಬಾರಿ ಮಾರಾಟವಾದಾಗಿನ ಬೆಲೆಗಳನ್ನು ಹೋಲಿಸುವ ವಿಧಾನವೊಂದಿದೆ. ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ ಇದನ್ನು ಬೆಳೆಸಿದರು. ಒಂದೆರಡು ಬೀದಿಗಳ ಮಟ್ಟದಲ್ಲಿ ಅಂಥ ಸೂಚ್ಯಂಕ ಕಟ್ಟಲು ಬೇಕಾದಷ್ಟು ಮಾರಾಟಗಳು ಸಿಗುವುದಿಲ್ಲ, ನಿಜ. ಆದರೆ ಒಂದೇ ಮನೆ ಹಿಂದೆ ಎಷ್ಟಕ್ಕೆ ಹೋಗಿತ್ತು, ಈಗ ಎಷ್ಟಕ್ಕೆ ಹೋಯಿತು ಎಂದು ಮೂರು ನಾಲ್ಕು ಮನೆಗಳ ಮಟ್ಟಿಗೆ ವಿಚಾರಿಸಲು ಯಾವ ಸೂಚ್ಯಂಕವೂ ಬೇಕಿಲ್ಲ. ನಾವು ಅಷ್ಟನ್ನೂ ಮಾಡಲಿಲ್ಲ.

ಮನೆ ಮಾರಾಟಕ್ಕಿಟ್ಟ ಮೊದಲ 3 ವಾರಗಳಲ್ಲಿ 9 ಕುಟುಂಬಗಳು ಬಂದು ನೋಡಿಕೊಂಡು ಹೋದವು. ಅವರಲ್ಲಿ ಒಬ್ಬರು ನಾವು ಕೇಳಿದ್ದಕ್ಕಿಂತ ಶೇ 8 ಕಡಿಮೆಗೆ ಕೊಡುತ್ತೀರಾ ಎಂದು ಕೇಳಿದರು. ಕೊಡುವುದೇ ಒಳ್ಳೆಯದು, ಹೊಸ ಜಾಹೀರಾತಿಗೆ ಇರುವ ಗಮನ ಒಂದು ತಿಂಗಳ ನಂತರ ಇರುವುದಿಲ್ಲ ಎಂದು ದಲ್ಲಾಳಿ ಹೇಳಿದರು. ಅವರಿಗೆ ತಮ್ಮ ಕಮಿಷನ್ ಬೇಗ ಕೈಸೇರಬೇಕಾಗಿದೆ ಎಂದುಕೊಂಡು ನಾನು ಒಪ್ಪಲಿಲ್ಲ. ಕಾಗದದ ಮೇಲಿನ ಆ ಬೆಲೆ ಆಗಲೇ ನಮ್ಮ ಜೇಬಿಗೆ ಬಂದುಬಿಟ್ಟಂತೆಯೂ, ಈ ಮನುಷ್ಯ ಅದರಿಂದ ಶೇ 8ರಷ್ಟನ್ನು ಕಿತ್ತುಕೊಳ್ಳುತ್ತಿರುವಂತೆಯೂ ನನಗೆ ಅನಿಸಿತ್ತು. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಎಂಬ ಅರ್ಥಶಾಸ್ತ್ರಜ್ಞರು 1990ರ ದಶಕದ ಬಾಸ್ಟನ್ ನಗರದ ಫ್ಲ್ಯಾಟುಗಳ ಮಾರಾಟವನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಆಮೇಲೆ ಓದಿದೆ: ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದ ಸ್ಥಿತಿಯಲ್ಲಿದ್ದವರು ಉಳಿದವರಿಗಿಂತ ಹೆಚ್ಚಿನ ಬೆಲೆ ಕೇಳುತ್ತಿದ್ದರು, ಅವರ ಮನೆಗಳು ಮಾರಾಟವಾಗುವುದು ನಿಧಾನವಾಗುತ್ತಿತ್ತು. ಅವರಿಗಾದರೂ ನಿಜವಾದ ನಷ್ಟವಿತ್ತು. ನಾನು ಎಂದೂ ಪಡೆಯದ ಬೆಲೆಯನ್ನು ಕಳೆದುಕೊಳ್ಳಲು ಹೆದರಿದೆ.

ಎರಡನೆಯ ತಿಂಗಳಿನಿಂದ ಬರುವವರೇ ಇಲ್ಲವಾದರು. ಆದರೂ ಜಾಹೀರಾತುಗಳಲ್ಲಿ ಸುತ್ತಮುತ್ತಲಿನ ಮನೆಗಳ ಬೆಲೆ ನಮ್ಮದಕ್ಕೆ ಸಮನಾಗಿಯೇ ಇದ್ದುದರಿಂದ ನಾನು ಧೈರ್ಯವಾಗಿದ್ದೆ. ಜಾಹೀರಾತಿನಲ್ಲಿ ಉಳಿದಿರುವುದು ಮಾರಾಟವಾಗದ ಮನೆಯ ಬೆಲೆ, ಸರಿಯಾದ ಬೆಲೆಗೆ ಇಟ್ಟವರ ಮನೆ ಅಲ್ಲಿಂದ ಆಗಲೇ ಹೊರಟುಹೋಗಿರುತ್ತದೆ ಎಂಬ ಸರಳ ಸಂಗತಿ ನನ್ನ ತಲೆಗೆ ಹೋಗಿರಲಿಲ್ಲ. ಅದು ಸಾಲದೆಂಬಂತೆ ಒಂದೇ ಮನೆಯನ್ನು ಮೂವರು ದಲ್ಲಾಳಿಗಳು ಮೂರು ಬೆಲೆಗೆ ಹಾಕಿರುತ್ತಾರೆ. ಹಳತಾದ ಜಾಹೀರಾತನ್ನು ತೆಗೆದು ಮರುದಿನ ಹೊಸದೆಂಬಂತೆ ಹಾಕಿದರೆ ಎಷ್ಟು ದಿನಗಳಿಂದ ಮಾರಾಟಕ್ಕಿದೆ ಎಂಬ ಲೆಕ್ಕವೂ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ.

ಪರಿಸ್ಥಿತಿಯನ್ನು ನನಗಿಂತ ಮೊದಲು ಗುರುತಿಸಿದವಳು ನನ್ನ ಪತ್ನಿ. ಸಂಜೆ ನಡೆಯಲು ಹೋದಾಗ ‘ಮಾರಾಟಕ್ಕಿದೆ’ ಎಂಬ ಫಲಕಗಳನ್ನು ಎಣಿಸಿ ಅವಳು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುತ್ತಿದ್ದಳು. ಮೊದಲ ತಿಂಗಳು 11, ಎರಡನೆಯ ತಿಂಗಳು 14, ಮೂರನೆಯ ತಿಂಗಳು 19. “ಫಲಕ ಹಾಕುವವರೇ ಕಾಣ್ತಾರೆ, ಕೀಳುವವರು ಯಾರೂ ಇಲ್ಲವಲ್ಲ ರೀ” ಎಂದು ಅವಳು ಅಂದಾಗ ನಾನು ನಕ್ಕಿದ್ದೆ. ತಿಂಗಳಿಗೆ ಮಾರಾಟವಾಗುತ್ತಿದ್ದುದು ಸುಮಾರು 2 ಮನೆ. ಆ ಲೆಕ್ಕದಲ್ಲಿ ಇದ್ದ 19 ಮನೆಗಳು ಖಾಲಿಯಾಗಲು ಒಂಬತ್ತೂವರೆ ತಿಂಗಳು ಬೇಕಿತ್ತು. ಮಾರಾಟಕ್ಕಿರುವ ಮನೆಗಳನ್ನು ತಿಂಗಳ ಮಾರಾಟದಿಂದ ಭಾಗಿಸಿ ಬರುವ ಈ ಸಂಖ್ಯೆ 5ರಿಂದ 6 ತಿಂಗಳ ಆಸುಪಾಸಿನಲ್ಲಿದ್ದರೆ ಕೊಳ್ಳುವವರಿಗೂ ಮಾರುವವರಿಗೂ ಸಮಬಲವಿದೆ ಎಂದು ಈ ವ್ಯವಹಾರದವರು ವಾಡಿಕೆಯಲ್ಲಿ ಹೇಳುತ್ತಾರೆ. ನನ್ನ ಮಟ್ಟಿಗೆ ಆ ಗಡಿಗಿಂತಲೂ ಮುಖ್ಯವಾದದ್ದು ಅದು ಸಾಗುತ್ತಿರುವ ದಿಕ್ಕು. ಆದರೆ ಹೋಲಿಸುವಾಗ ಹಿಂದಿನ ತಿಂಗಳಿಗಿಂತ ಹಿಂದಿನ ವರ್ಷದ ಅದೇ ತಿಂಗಳಿನ ಜೊತೆ ಹೋಲಿಸಬೇಕು, ಏಕೆಂದರೆ ವರ್ಷದ ಕೆಲವು ತಿಂಗಳುಗಳಲ್ಲಿ ಮನೆ ಹುಡುಕುವವರೇ ಕಡಿಮೆ.

ಈ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇದು: ಮಾರುಕಟ್ಟೆ ತಣ್ಣಗಾಗುವಾಗ ಮನೆಗಳ ಬೆಲೆ ಮೊದಲು ಇಳಿಯುವುದಿಲ್ಲ, ಕೊನೆಗೆ ಇಳಿಯುತ್ತದೆ. ಮೊದಲು ವ್ಯವಹಾರಗಳ ಸಂಖ್ಯೆ ಕುಗ್ಗುತ್ತದೆ. ಆಮೇಲೆ ಮನೆ ಮಾರಾಟವಾಗಲು ಹಿಡಿಯುವ ದಿನಗಳು ಹೆಚ್ಚುತ್ತವೆ, ಕೇಳಿದ ಬೆಲೆಗೂ ಕೊಟ್ಟ ಬೆಲೆಗೂ ನಡುವಿನ ಅಂತರ ಹಿಗ್ಗುತ್ತದೆ, ಬೆಲೆ ಇಳಿಸಿದ ಜಾಹೀರಾತುಗಳು ಕಾಣತೊಡಗುತ್ತವೆ. ಇಷ್ಟೆಲ್ಲ ಆಗುವ ತನಕ ಮಾರುವವರು ಹಟ ಹಿಡಿದು ಕೂರುತ್ತಾರೆ ಅಥವಾ ಮನೆಯನ್ನು ಮಾರಾಟದಿಂದ ಹಿಂತೆಗೆಯುತ್ತಾರೆ. ಆ ದಿನಗಳಲ್ಲಿ ಮಾರಾಟವಾಗುವುದು ಬಹುಪಾಲು ಒಳ್ಳೆಯ ಜಾಗದ, ಸುಸ್ಥಿತಿಯ ಮನೆಗಳೇ ಆದ್ದರಿಂದ ವರದಿಯಲ್ಲಿ ಬೆಲೆ ಗಟ್ಟಿಯಾಗಿಯೇ ಕಾಣುತ್ತದೆ. ಬೆಲೆಯನ್ನಷ್ಟೇ ನೋಡುವವನಿಗೆ ಇಳಿತ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ.

ಇದರ ಜೊತೆಗೆ ವರದಿ ತಡವಾಗಿ ಬರುತ್ತದೆ ಎಂಬುದೂ ಇದೆ. ಬೆಲೆ ಕುದುರಿದ ದಿನ ಬೇರೆ, ಕ್ರಯಪತ್ರ ನೋಂದಣಿಯಾಗುವ ದಿನ ಬೇರೆ, ಅದು ಅಂಕಿಅಂಶವಾಗಿ ಹೊರಬರುವ ದಿನ ಮತ್ತೂ ಬೇರೆ. ನಾವು ಓದಿದ ಬೆಲೆಗಳು ಬಡ್ಡಿದರ ಕಡಿಮೆಯಿದ್ದಾಗ ಒಪ್ಪಿಕೊಂಡ ಬೆಲೆಗಳಾಗಿದ್ದವು. ನಮ್ಮ ಮನೆ ಮಾರಾಟಕ್ಕಿದ್ದ ಅವಧಿಯಲ್ಲೇ ದರ ಏರಿತು. 20 ವರ್ಷದ ಸಾಲಕ್ಕೆ ವಾರ್ಷಿಕ ಬಡ್ಡಿ ಶೇ 7ರಿಂದ 8ಕ್ಕೆ ಹೋದರೆ, ತಿಂಗಳಿಗೆ ಅಷ್ಟೇ ಕಂತು ಕಟ್ಟಬಲ್ಲವನಿಗೆ ಸಿಗುವ ಸಾಲದ ಮೊತ್ತ ಸುಮಾರು ಶೇ 7ರಷ್ಟು ಕುಗ್ಗುತ್ತದೆ. ಶೇ 9ಕ್ಕೆ ಹೋದರೆ ಸುಮಾರು ಶೇ 14ರಷ್ಟು. ನಮ್ಮ ಮನೆಯನ್ನು ಮೆಚ್ಚಿದ ಗಿರಾಕಿಯ ಸಂಬಳ ಕಡಿಮೆಯಾಗಿರಲಿಲ್ಲ, ಅವನ ಕೈಗೆ ಎಟಕುವ ಬೆಲೆ ಕಡಿಮೆಯಾಗಿತ್ತು.

ಕೊಳ್ಳುವ ಕಡೆಯಲ್ಲಾದ ತಪ್ಪು ಬೇರೆಯದು. ಹೊಸ ಮನೆಯ ನಿರ್ಮಾಣದಾರರ ಬೆಲೆಪಟ್ಟಿ ತಿಂಗಳುಗಟ್ಟಲೆ ಬದಲಾಗದೆ ಇದ್ದುದನ್ನು ನೋಡಿ ಅಲ್ಲಿ ಬೇಡಿಕೆ ಗಟ್ಟಿಯಾಗಿದೆ ಎಂದುಕೊಂಡೆವು. ನಮ್ಮ ನಂತರ ಅದೇ ಕಟ್ಟಡದಲ್ಲಿ ಅದೇ ಬೆಲೆಗೆ ಕೊಂಡವರಿಗೆ ಅಡುಗೆಮನೆಯ ಕಪಾಟುಗಳನ್ನೂ ವಾಹನ ನಿಲ್ಲಿಸುವ ಜಾಗವನ್ನೂ ಪುಕ್ಕಟೆಯಾಗಿ ಕೊಟ್ಟು, ನೋಂದಣಿಯ ಖರ್ಚನ್ನೂ ನಿರ್ಮಾಣದಾರರೇ ವಹಿಸಿಕೊಂಡರು. ಬೆಲೆ ಇಳಿದಿತ್ತು, ಪಟ್ಟಿಯಲ್ಲಿ ಮಾತ್ರ ಇಳಿದಿರಲಿಲ್ಲ. ಪಟ್ಟಿಯ ಬೆಲೆ ಇಳಿಸಿದರೆ ಮೊದಲು ಕೊಂಡವರು ಜಗಳಕ್ಕೆ ಬರುತ್ತಾರೆ, ಉಳಿದ ಮನೆಗಳ ಬೆಲೆಯೂ ಕುಸಿಯುತ್ತದೆ. ಆದ್ದರಿಂದ ಮಾರುವವರು ಇಳಿಕೆಯನ್ನು ಹೀಗೆ ಉಡುಗೊರೆಯ ವೇಷದಲ್ಲಿ ಕೊಡುತ್ತಾರೆ. ಇತ್ತೀಚೆಗೆ ಕೊಂಡವರನ್ನು ಕಂಡು, ಬೆಲೆಯ ಜೊತೆಗೆ ಏನೇನು ಸಿಕ್ಕಿತು ಎಂದು ಕೇಳಿದ್ದರೆ ಒಂದೇ ದಿನದಲ್ಲಿ ನಮಗೆ ತಿಳಿಯುತ್ತಿತ್ತು.

ನಾಲ್ಕು ತಿಂಗಳ ಗಡುವು ಮುಗಿದಾಗ ಹೊಸ ಮನೆಯವರು ಬಡ್ಡಿ ಸಮೇತ ಇನ್ನೂ 3 ತಿಂಗಳು ಕೊಟ್ಟರು. ಅದೂ ಮೀರಿದರೆ ಮುಂಗಡ ಮುಳುಗುತ್ತದೆ ಎಂಬುದು ನಮಗೆ ಸ್ಪಷ್ಟವಿತ್ತು. ಅಷ್ಟರಲ್ಲಿ ನಾವು ಬೆಲೆಯನ್ನು ಎರಡು ಬಾರಿ, ಪ್ರತಿಸಲವೂ ಅಂಜುತ್ತಂಜುತ್ತ ಸ್ವಲ್ಪವೇ ಇಳಿಸಿದ್ದೆವು. ಅದರಿಂದ ಗಿರಾಕಿ ಬರಲಿಲ್ಲ, ಇವರು ಇನ್ನೂ ಇಳಿಸುತ್ತಾರೆ ಎಂಬ ಸುದ್ದಿ ಮಾತ್ರ ಹಬ್ಬಿತು. ಆರನೆಯ ತಿಂಗಳು ಬಂದವರಿಗೆ ನಮ್ಮ ಅವಸರ ಗೊತ್ತಿತ್ತು. ಶೇ 14 ಕಡಿಮೆಗೆ ಒಪ್ಪಿದೆವು. ಲೆಕ್ಕ ಹಾಕಿ ನೋಡಿದರೆ, ಅದು ಪಕ್ಕದ ಮನೆ ವರ್ಷದ ಹಿಂದೆ ಮಾರಾಟವಾದ ಬೆಲೆಗಿಂತ ಶೇ 1ರಷ್ಟು ಮಾತ್ರ ಹೆಚ್ಚು. ನಾವು ತಿರಸ್ಕರಿಸಿದ ಮೊದಲ ಗಿರಾಕಿಯ ಬೆಲೆ ಶೇ 8ರಷ್ಟು ಹೆಚ್ಚಾಗಿತ್ತು. ಈ ಅಂತರದಲ್ಲಿ ಬಡ್ಡಿಯ ಪಾಲೆಷ್ಟು, ನನ್ನ ಹಟದ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ.

ಈಗ ಯಾರಾದರೂ ಕೇಳಿದರೆ, ನಡೆದು ಹೋಗುವಷ್ಟು ದೂರದಲ್ಲಿ, ತಮ್ಮದೇ ಬಗೆಯ, ತಮ್ಮದೇ ವಯಸ್ಸಿನ ಮನೆಗಳು ಕಳೆದ 6 ತಿಂಗಳಲ್ಲಿ ಎಷ್ಟು ಮಾರಾಟವಾದವು, ಮೊದಲು ಎಷ್ಟು ಕೇಳಿದ್ದರು, ಕೊನೆಗೆ ಎಷ್ಟಕ್ಕೆ ಕೊಟ್ಟರು, ಬೆಲೆ ಕುದುರಿದ್ದು ಯಾವಾಗ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ ಎನ್ನುತ್ತೇನೆ. ನೋಂದಣಿಯಲ್ಲಿ ತೆರಿಗೆಗಾಗಿ ಕಡಿಮೆ ಬೆಲೆ ತೋರಿಸುವ ರೂಢಿ ಇರುವ ಕಡೆ ದಾಖಲೆಯನ್ನೂ ಪೂರ್ತಿ ನಂಬುವಂತಿಲ್ಲ, ಕೊಂಡವರನ್ನೇ ಕೇಳಬೇಕಾಗುತ್ತದೆ. ಹಳೆಯ ಮನೆಯ ಕರಾರು ಆಗುವ ಮುನ್ನ ಹೊಸದಕ್ಕೆ ಮುಂಗಡ ಕೊಡಲೇಬೇಕಾಗಿ ಬಂದರೆ, ಹಳೆಯದು ಮಾರಾಟವಾಗದಿದ್ದಲ್ಲಿ ಮುಂಗಡ ವಾಪಸು ಎಂಬ ಷರತ್ತನ್ನು ಬರವಣಿಗೆಯಲ್ಲಿ ಪಡೆಯಿರಿ. ಅದಕ್ಕೆ ಒಪ್ಪದವರ ಮನೆಯನ್ನು ಬಿಟ್ಟುಬಿಡುವುದೇ ನನ್ನ ಪ್ರಕಾರ ಒಳ್ಳೆಯದು.

ನಮ್ಮ ಮನೆ ನೋಂದಣಿಯಾದ ತ್ರೈಮಾಸಿಕದ ವರದಿ ಮೊನ್ನೆ ಬಂತು. ಸರಾಸರಿ ಬೆಲೆ ಶೇ 4ರಷ್ಟು ಏರಿದೆ ಎಂದು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು. ಮಾರಾಟವಾದ ಮನೆಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಭಾಗದಷ್ಟು ಕುಸಿದಿದೆ ಎಂಬ ಸಾಲು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾವು ಮೊದಲು ನಂಬಿದ ಆ ಹಳೆಯ ವರದಿಯನ್ನು ಹುಡುಕಿ ತೆಗೆದು ನೋಡಿದೆ. ಸಂಖ್ಯೆ ಇಳಿಯತೊಡಗಿದೆ ಎಂಬ ಸಾಲು ಅದರ ಕೊನೆಯ ಪುಟದಲ್ಲಿಯೂ ಇತ್ತು.